ಮುಂದಕ್ಕೆ ಒತ್ತಿದರೆ ಹಿಂದೆ ಬೀಳುವ ಆಟ

ಹೋದ ಸಂಚಿಕೆಯಲ್ಲಿ ರಾಕೆಟ್ ಹಾರಿಸುವ ಕಂಪ್ಯೂಟರ್ ಆಟಗಳ ಬಗ್ಗೆ ಎರಡೇ ಪ್ಯಾರಾ ಬರೆದಿದ್ದೆ, ಅಷ್ಟಕ್ಕೇ ಪ್ರಶ್ನೆಗಳ ರಾಶಿ ಬಿದ್ದಿದೆ. ಹೆಚ್ಚಿನವರು ಆಡುತ್ತಿರುವುದು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು 2011ರಲ್ಲಿ ಮೊದಲು ಹೊರಬಂದು 2015ರಲ್ಲಿ 1.0 ಆವೃತ್ತಿ ತಲುಪಿದ ಆಟ. ಅದರಲ್ಲಿ ಕೆರ್ಬಿನ್ ಅಂತ ಒಂದು ಪುಟ್ಟ ಗ್ರಹ, ಅದಕ್ಕೆ ಮುನ್ ಮತ್ತು ಮಿನ್ಮಸ್ ಅಂತ ಎರಡು ಚಂದ್ರ, ಜೊತೆಗೆ ಹಸಿರು ಮೈಯ ಕೆರ್ಬಲ್‌ಗಳು. ಟ್ಯಾಂಕು, ಎಂಜಿನ್ನು ಎಲ್ಲ ನೀವೇ ಜೋಡಿಸಿ ರಾಕೆಟ್ ಕಟ್ಟಬೇಕು, ಹಾರಿಸಬೇಕು, ಬೀಳಿಸಬೇಕು. ಬೀಳಿಸುವುದೇ ಜಾಸ್ತಿ.

ಪ್ರಶ್ನೆ: ಸರ್, ನನ್ನ ರಾಕೆಟ್ ನೇರವಾಗಿ 100 ಕಿ.ಮೀ. ಎತ್ತರಕ್ಕೆ ಹೋಗುತ್ತದೆ. ವಾತಾವರಣ 70 ಕಿ.ಮೀ.ಗೇ ಮುಗಿದುಹೋಗುತ್ತದೆ. ಅಂದಮೇಲೆ ಅಲ್ಲಿ ಗುರುತ್ವ ಇರಬಾರದಲ್ವಾ? ಆದರೂ ಪ್ರತಿ ಸಲ ವಾಪಸ್ ಬೀಳುತ್ತದೆ, ಯಾಕೆ?

ಉತ್ತರ: ಗುರುತ್ವ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಗಾಳಿ ಮುಗಿಯುವುದಕ್ಕೂ ಸೆಳೆತ ಮುಗಿಯುವುದಕ್ಕೂ ಸಂಬಂಧವೇ ಇಲ್ಲ. ನಿಮ್ಮ ರಾಕೆಟ್ ಇರುವ ಎತ್ತರದಲ್ಲಿ ನೆಲದ ಮೇಲಿನ ಸೆಳೆತದ ಮುಕ್ಕಾಲು ಪಾಲಿನಷ್ಟು ಹಾಗೇ ಉಳಿದಿರುತ್ತದೆ. ನಿಜವಾದ ಭೂಮಿಯಲ್ಲಂತೂ 400 ಕಿ.ಮೀ. ಮೇಲಿರುವ ಬಾಹ್ಯಾಕಾಶ ನಿಲ್ದಾಣದ ಹತ್ತಿರ ಸುಮಾರು 90 ಪರ್ಸೆಂಟ್ ಇರುತ್ತದೆ. ಅಲ್ಲಿ ಜನ ತೇಲುತ್ತಾರಲ್ಲ, ಅದು ಸೆಳೆತ ಇಲ್ಲದೆ ಅಲ್ಲ. ನಿಲ್ದಾಣವೂ ಬೀಳುತ್ತಿದೆ, ಒಳಗಿರುವವರೂ ಬೀಳುತ್ತಿದ್ದಾರೆ, ಒಟ್ಟಿಗೆ ಬೀಳುವುದರಿಂದ ಒಬ್ಬರಿಗೊಬ್ಬರು ತೇಲಿದ ಹಾಗೆ ಕಾಣುತ್ತಾರೆ.

ಹಾಗಾದರೆ ನೆಲಕ್ಕೆ ಯಾಕೆ ತಾಗುವುದಿಲ್ಲ? ಒಂದೇ ಒಂದು ಸೆಕೆಂಡನ್ನು ಹಿಡಿದು ನೋಡೋಣ. ಕೆರ್ಬಿನ್‌ನಲ್ಲಿ 100 ಕಿ.ಮೀ. ಎತ್ತರದಿಂದ ಏನನ್ನೇ ಕೈಬಿಟ್ಟರೂ ಮೊದಲ ಸೆಕೆಂಡಿನಲ್ಲಿ 3.6 ಮೀಟರ್ ಬೀಳುತ್ತದೆ. ಈಗ ಅದೇ ವಸ್ತು ಅಡ್ಡಕ್ಕೆ ಸೆಕೆಂಡಿಗೆ 2,246 ಮೀಟರ್ ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. ಗ್ರಹ ದುಂಡಗಿದೆಯಲ್ಲ, 2,246 ಮೀಟರ್ ಮುಂದೆ ಹೋಗುವಷ್ಟರಲ್ಲಿ ಆ ಎತ್ತರದ ವೃತ್ತ ಎಷ್ಟು ಕೆಳಕ್ಕೆ ಬಾಗಿರುತ್ತದೆ ಗೊತ್ತಾ? ಅದೂ 3.6 ಮೀಟರ್. ನೀವು ಎಷ್ಟು ಬಿದ್ದಿರೋ ಗ್ರಹವೂ ಅಷ್ಟೇ ಬಾಗಿ ದೂರ ಸರಿಯಿತು. ಮುಂದಿನ ಸೆಕೆಂಡಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಇದೇ ಕಕ್ಷೆ. ಎತ್ತರ ಬೇಕಾಗುವುದು ಗಾಳಿ ತಡೆಯಬಾರದು ಅಂತ ಮಾತ್ರ, ಉಳಿದದ್ದೆಲ್ಲ ಅಡ್ಡ ವೇಗದ ಕೆಲಸ.

ಹಾಗಾಗಿ ಹಾರಿದ ಸ್ವಲ್ಪ ಹೊತ್ತಿಗೇ, ವೇಗ ಸೆಕೆಂಡಿಗೆ 100 ಮೀಟರ್ ಆಗುವ ಮುಂಚೆಯೇ, ಮೂತಿಯನ್ನು ಪೂರ್ವಕ್ಕೆ ಒಂಚೂರು ವಾಲಿಸಿ. ಹತ್ತು ಕಿ.ಮೀ. ಎತ್ತರಕ್ಕೆ ಬರುವಾಗ ಸುಮಾರು 45 ಡಿಗ್ರಿ ವಾಲಿರಲಿ. ಕಕ್ಷೆಯ ತುತ್ತತುದಿ, ಅಂದರೆ ಅಪೊಆಪ್ಸಿಸ್, 80 ಅಥವಾ 100 ಕಿ.ಮೀ. ಅಂತ ತೋರಿಸಿದ ಕೂಡಲೇ ಎಂಜಿನ್ ಆಫ್ ಮಾಡಿ ಸುಮ್ನೆ ಕೂತುಕೊಳ್ಳಿ. ಆ ತುದಿ ಹತ್ತಿರ ಬಂದಾಗ ಅಡ್ಡಕ್ಕೆ ಮುಖ ಮಾಡಿ ಮತ್ತೆ ಹೊತ್ತಿಸಿ. ಪೂರ್ವಕ್ಕೇ ಯಾಕೆಂದರೆ ಗ್ರಹ ತಿರುಗುವುದು ಆ ಕಡೆಗೆ, ಅಷ್ಟು ವೇಗ ಪುಕ್ಕಟೆ ಸಿಗುತ್ತದೆ. ನಾನು ಮೊದಲ ವಾರ ಪೂರ್ತಿ ನಿಮ್ಮ ಹಾಗೇ ಮೇಲಕ್ಕೆ ಮಾತ್ರ ಹೊಡೆಯುತ್ತಿದ್ದೆ, ಇಂಧನ ಸಾಲದೇ ಬೀಳುತ್ತಿದೆ ಅಂತ ಟ್ಯಾಂಕಿನ ಮೇಲೆ ಟ್ಯಾಂಕು ಪೇರಿಸುತ್ತಾ ಹೋಗಿದ್ದೆ. ಜಾಸ್ತಿ ಎತ್ತರದಿಂದ ಬೀಳುವುದು ಬಿಟ್ಟರೆ ಬೇರೇನೂ ಆಗಲಿಲ್ಲ.

ಪ್ರಶ್ನೆ: ವಾಲಿಸಿ ಅಂತೀರಿ. ವಾಲಿಸಿದ ತಕ್ಷಣ ರಾಕೆಟ್ ಪಲ್ಟಿ ಹೊಡೆಯುತ್ತದಲ್ಲ?

ಉತ್ತರ: ಬಾಲದ ಕಡೆ ರೆಕ್ಕೆ ಹಾಕಿದ್ದೀರಾ? ಶಟಲ್ ಕಾಕನ್ನು ಹೇಗೆ ಎಸೆದರೂ ಭಾರದ ಬುಡ ಮುಂದೆ, ಗರಿ ಹಿಂದೆ ಮಾಡಿಕೊಂಡು ಹೋಗುತ್ತದೆ. ರಾಕೆಟ್ಟಿಗೂ ಅದೇ ನ್ಯಾಯ. ತೂಕದ ಕೇಂದ್ರ ಮೂತಿಯ ಕಡೆ ಇರಬೇಕು, ಗಾಳಿ ಹಿಡಿದು ಎಳೆಯುವ ಭಾಗ ಬಾಲದ ಕಡೆ ಇರಬೇಕು. ಕಟ್ಟುವ ಜಾಗದಲ್ಲೇ ಇವನ್ನು ತೋರಿಸುವ ಬಟನ್‌ಗಳಿವೆ, ಹಳದಿ ಚೆಂಡು ತೂಕದ್ದು, ನೀಲಿ ಚೆಂಡು ಗಾಳಿಯದ್ದು. ನೀಲಿ ಕೆಳಗಿದ್ದರೆ ಒಳ್ಳೆಯದು. ಇದರಲ್ಲಿ ಒಂದು ಮೋಸ ಇದೆ ನೋಡಿ: ಹಾರುತ್ತಾ ಇಂಧನ ಖಾಲಿಯಾದ ಹಾಗೆ ತೂಕದ ಕೇಂದ್ರ ಕೆಳಗಿಳಿಯಬಹುದು, ನೆಲದ ಮೇಲೆ ಚೆನ್ನಾಗಿ ಕಂಡ ರಾಕೆಟ್ ಅರ್ಧ ದಾರಿಯಲ್ಲಿ ಬುದ್ಧಿ ಕೆಡಿಸಿಕೊಳ್ಳುತ್ತದೆ. ನಾಲ್ಕು ರೆಕ್ಕೆ ಹಾಕಿ. ಮತ್ತೆ, ಗಾಳಿ ದಟ್ಟವಾಗಿರುವವರೆಗೆ ಮೂತಿಯನ್ನು ಪ್ರೋಗ್ರೇಡ್ ಗುರುತಿನಿಂದ, ಅಂದರೆ ರಾಕೆಟ್ ನಿಜವಾಗಿ ಹೋಗುತ್ತಿರುವ ದಿಕ್ಕಿನಿಂದ, ಐದು ಡಿಗ್ರಿಗಿಂತ ಆಚೆ ಎಳೆಯಬೇಡಿ. ಒಂದು ಸಲ ವಾಲಿಸಿ ಬಿಟ್ಟರೆ ಉಳಿದ ತಿರುವನ್ನು ಗುರುತ್ವವೇ ಮಾಡಿಕೊಡುತ್ತದೆ.

ಪ್ರಶ್ನೆ: ನನ್ನ ನಿಲ್ದಾಣ 100 ಕಿ.ಮೀ. ಕಕ್ಷೆಯಲ್ಲಿದೆ. ಅದೇ ಕಕ್ಷೆಯಲ್ಲಿ ನಾನು 20 ಕಿ.ಮೀ. ಹಿಂದೆ ಇದ್ದೇನೆ. ಅದರ ಕಡೆಗೇ ಮೂತಿ ಮಾಡಿ ಎಂಜಿನ್ ಹೊತ್ತಿಸಿದೆ. ಮೊದಲು ಹತ್ತಿರ ಬಂದ ಹಾಗಾಯಿತು, ಆಮೇಲೆ ನಿಲ್ದಾಣ ನನ್ನ ಕೆಳಗೆ ಸರಿದು ಮುಂದಕ್ಕೆ ಓಡಿಹೋಯಿತು. ಮತ್ತೆ ಒತ್ತಿದೆ, ಇನ್ನೂ ದೂರ ಹೋಯಿತು. ಆಟದಲ್ಲಿ ಬಗ್ ಇದೆಯಾ?

ಉತ್ತರ: ಬಗ್ ಇಲ್ಲ. ನಿಮಗೆ ಆದದ್ದು 1965ರ ಜೂನ್‌ನಲ್ಲಿ ನಾಸಾದ ಜೆಮಿನಿ 4 ನೌಕೆಗೂ ಆಗಿತ್ತು. ಕಮಾಂಡರ್ ಜೇಮ್ಸ್ ಮೆಕ್‌ಡಿವಿಟ್ ತಮ್ಮನ್ನು ಮೇಲಕ್ಕೆ ತಂದ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಬೇಕಿತ್ತು. ಕಣ್ಣಿಗೆ ಕಾಣುತ್ತಿದೆಯಲ್ಲ ಅಂತ ಅದರ ಕಡೆಗೇ ಗುರಿಯಿಟ್ಟು ಒತ್ತಿದರು, ಅದು ಕೆಳಗಿಳಿದು ದೂರ ಹೋಯಿತು, ಮತ್ತೆ ಒತ್ತಿದರು, ಬಹಳಷ್ಟು ಇಂಧನ ಸುಟ್ಟ ಮೇಲೆ ಪ್ರಯತ್ನವನ್ನೇ ಕೈಬಿಟ್ಟರು. ನುರಿತ ಟೆಸ್ಟ್ ಪೈಲಟ್ ಅವರು. ವಿಮಾನ ಹಾರಿಸಿ ಪಳಗಿದ ಕೈ ಇಲ್ಲಿ ತಪ್ಪು ಕಡೆಗೇ ಹೋಗುತ್ತದೆ.

ಈ ಆಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು ಅಂದರೆ ನಾನು ಇದನ್ನು ಹೇಳುತ್ತೇನೆ: ನೀವು ಎಂಜಿನ್ ಹೊತ್ತಿಸಿದ ಜಾಗ ಅಲ್ಲೇ ಇರುತ್ತದೆ, ಬದಲಾಗುವುದು ಕಕ್ಷೆಯ ಎದುರು ಬದಿ. ಮುಂದಕ್ಕೆ ಒತ್ತಿದರೆ ಗ್ರಹದ ಆಚೆ ಬದಿಯಲ್ಲಿ ನಿಮ್ಮ ಕಕ್ಷೆ ಮೇಲೆ ಉಬ್ಬುತ್ತದೆ. ಕಕ್ಷೆ ದೊಡ್ಡದಾಯಿತು, ಸುತ್ತು ಹಾಕಲು ಹೊತ್ತು ಜಾಸ್ತಿ ಬೇಕು. ನೀವು ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ನಿಲ್ದಾಣ ನಿಮಗಿಂತ ಮುಂಚೆ ಆ ಜಾಗ ದಾಟಿ ಹೋಗಿರುತ್ತದೆ. ಅಂದರೆ ಮುಂದಿರುವವರನ್ನು ಹಿಡಿಯಬೇಕಾದರೆ ಬ್ರೇಕ್ ಹಾಕಬೇಕು. ಓದಲು ತಲೆಕೆಟ್ಟ ಮಾತಿನ ಹಾಗಿದೆ, ನನಗೂ ಹಾಗೇ ಅನಿಸಿತ್ತು.

ನಿಮ್ಮ 20 ಕಿ.ಮೀ.ಯನ್ನೇ ತೆಗೆದುಕೊಳ್ಳಿ. ಆ ವೇಗದಲ್ಲಿ 20 ಕಿ.ಮೀ. ಅಂದರೆ ಸುಮಾರು 9 ಸೆಕೆಂಡಿನ ದಾರಿ. ನಿಲ್ದಾಣಕ್ಕೆ ಒಂದು ಸುತ್ತಿಗೆ 1,958 ಸೆಕೆಂಡ್, ಹತ್ತಿರ ಹತ್ತಿರ 33 ನಿಮಿಷ ಬೇಕು. ನಿಮ್ಮ ಸುತ್ತು ಅದಕ್ಕಿಂತ 9 ಸೆಕೆಂಡ್ ಕಮ್ಮಿ ಆದರೆ ಸಾಕು, ಇಬ್ಬರೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುತ್ತೀರಿ. ಅದಕ್ಕೆ ಏನು ಮಾಡಬೇಕು? ಹಿಂದಕ್ಕೆ ಮುಖ ಮಾಡಿ, ಅಂದರೆ ರೆಟ್ರೋಗ್ರೇಡ್ ದಿಕ್ಕಿಗೆ, ಸೆಕೆಂಡಿಗೆ ಬರೀ ಮೂರೂವರೆ ಮೀಟರ್ ವೇಗ ಕಳೆಯಿರಿ. ಜೋರಾಗಿ ನಡೆಯುವವರ ಎರಡರಷ್ಟು ವೇಗ, ಅಷ್ಟೇ. ಎದುರು ಬದಿ 100ರಿಂದ ಸುಮಾರು 96 ಕಿ.ಮೀ.ಗೆ ಇಳಿಯುತ್ತದೆ. ಈಗ ಕೈ ಕಟ್ಟಿ ಕೂತುಕೊಳ್ಳಿ ಅಥವಾ ಆಟದ ಕಾಲವನ್ನು ಬೇಗ ಓಡಿಸುವ ಟೈಮ್ ವಾರ್ಪ್ ಒತ್ತಿ. ಅರ್ಧ ಗಂಟೆ ಕಳೆದು ಅದೇ ಜಾಗಕ್ಕೆ ಬಂದಾಗ ನಿಲ್ದಾಣ ಕಿಟಕಿಯ ಹೊರಗೆ ಇರುತ್ತದೆ. ಕಳೆದ ಮೂರೂವರೆ ಮೀಟರನ್ನು ಮುಂದಕ್ಕೆ ಒತ್ತಿ ವಾಪಸ್ ಸೇರಿಸಿಬಿಟ್ಟರೆ ಇಬ್ಬರೂ ಒಂದೇ ಕಕ್ಷೆ. ಒಟ್ಟು ಖರ್ಚು ಸೆಕೆಂಡಿಗೆ ಏಳು ಮೀಟರ್.

ಕೊನೆಯ ನೂರಿನ್ನೂರು ಮೀಟರಿನಲ್ಲಿ ಮಾತ್ರ ನಿಮ್ಮ ಹಳೇ ಬುದ್ಧಿ ಸರಿಹೋಗುತ್ತದೆ, ಅಷ್ಟು ಹತ್ತಿರದಲ್ಲಿ ನೇರವಾಗಿ ಗುರಿಯಿಟ್ಟು ಮೆಲ್ಲಗೆ ಹೋಗಬಹುದು. ಜೆಮಿನಿಯವರೂ ಕಲಿತರು. ಅದೇ 1965ರ ಡಿಸೆಂಬರ್‌ನಲ್ಲಿ ಜೆಮಿನಿ 6ಎ ಮತ್ತು ಜೆಮಿನಿ 7 ಅಕ್ಕಪಕ್ಕ ಬಂದವು, 1966ರ ಮಾರ್ಚ್‌ನಲ್ಲಿ ಜೆಮಿನಿ 8ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಮೊದಲ ಡಾಕಿಂಗ್ ಮಾಡಿದರು. ಬಝ್ ಆಲ್ಡ್ರಿನ್ 1963ರಲ್ಲಿ ಡಾಕ್ಟರೇಟ್ ಪಡೆದದ್ದೇ ಕಕ್ಷೆಯಲ್ಲಿ ಎರಡು ನೌಕೆ ಸೇರಿಸುವ ವಿಷಯದ ಮೇಲೆ. ಇಂಥದ್ದಕ್ಕೆ ಡಾಕ್ಟರೇಟೇ ಬೇಕಾಗಿತ್ತು ಅಂದಮೇಲೆ ನೀವು ಎರಡು ಸಂಜೆ ಹಾಳು ಮಾಡಿಕೊಂಡಿದ್ದಕ್ಕೆ ಬೇಜಾರು ಬೇಡ.

ಪ್ರಶ್ನೆ: ಇಂಧನ ಎರಡು ಪಟ್ಟು ತುಂಬಿದರೂ ಎರಡು ಪಟ್ಟು ಹೋಗುವುದಿಲ್ಲ ಯಾಕೆ?

ಉತ್ತರ: ತುಂಬಿದ ಇಂಧನವನ್ನೂ ಇಂಧನವೇ ಹೊರಬೇಕಲ್ಲ. 1903ರಲ್ಲಿ ರಷ್ಯಾದ ತ್ಸಿಯೋಲ್ಕೊವ್‌ಸ್ಕಿ ಪ್ರಕಟಿಸಿದ ಸೂತ್ರ ಹೇಳುವುದು ಇಷ್ಟು: ರಾಕೆಟ್ ಗಳಿಸುವ ವೇಗ ಎಷ್ಟು ಟನ್ ಇಂಧನ ಇದೆ ಅನ್ನುವುದರ ಮೇಲೆ ಅಲ್ಲ, ತುಂಬಿದ ರಾಕೆಟ್ ಖಾಲಿ ರಾಕೆಟ್ಟಿನ ಎಷ್ಟು ಪಟ್ಟು ಭಾರ ಅನ್ನುವುದರ ಮೇಲೆ ನಿಂತಿದೆ. ಆಟದ ಟೆರಿಯರ್ ಎಂಜಿನ್ ಇಟ್ಟುಕೊಂಡರೆ, ತುಂಬಿದ್ದು ಖಾಲಿಯ 2 ಪಟ್ಟಿದ್ದಾಗ ಸೆಕೆಂಡಿಗೆ ಸುಮಾರು 2,350 ಮೀಟರ್ ವೇಗ ಸಿಗುತ್ತದೆ. ಇದನ್ನೇ ಡೆಲ್ಟಾ-ವಿ ಅನ್ನುವುದು. ಅದನ್ನು ಎರಡರಷ್ಟು ಮಾಡಬೇಕಾದರೆ 4 ಪಟ್ಟು ಭಾರ ಬೇಕು, ಮೂರರಷ್ಟಕ್ಕೆ 8 ಪಟ್ಟು. ಉಪಾಯ ಏನೆಂದರೆ ಮೇಲಿನ ತುದಿಯಲ್ಲಿ ಉಳಿಸಿ. ಮೂತಿಯಲ್ಲಿರುವ ಪೆಟ್ಟಿಗೆಯಿಂದ ಅರ್ಧ ಟನ್ ತೆಗೆದರೆ ಕೆಳಗೆ ಎಷ್ಟೋ ಟನ್ ತಾನಾಗಿ ಬೇಡವಾಗುತ್ತದೆ. ಖಾಲಿ ಟ್ಯಾಂಕನ್ನು ಹೊತ್ತುಕೊಂಡು ಓಡಾಡಬೇಡಿ, ಕಳಚಿ ಎಸೆಯಿರಿ.

ಪ್ರಶ್ನೆ: ಅಪೊಲೊ 11 ಹೊರಟ ನಾಲ್ಕನೇ ದಿನಕ್ಕೆ ಚಂದ್ರನ ಕಕ್ಷೆ ಸೇರಿತು. ಚಂದ್ರಯಾನ-3 ಮೂರು ವಾರ ತೆಗೆದುಕೊಂಡಿತು, ಅದೂ ಭೂಮಿಯನ್ನೇ ಸುತ್ತುತ್ತಾ ಕೂತಿತ್ತು. ಆಟದಲ್ಲಿ ನಾನು ಒಂದೇ ಸಲ ಒತ್ತಿ ಮುನ್‌ಗೆ ಹೋಗುತ್ತೇನೆ. ಸುತ್ತಿದ್ದು ಯಾಕೆ?

ಉತ್ತರ: ಎಂಜಿನ್ ಸಣ್ಣದು, ಅದಕ್ಕೆ. ಅಪೊಲೊಗೆ ಸ್ಯಾಟರ್ನ್ 5ರ ಮೂರನೇ ಹಂತ ಅನ್ನುವ ರಾಕ್ಷಸ ಇತ್ತು, ಆರು ನಿಮಿಷದ ಆಸುಪಾಸಿನಲ್ಲಿ ಒಂದೇ ಉಸಿರಿಗೆ ಚಂದ್ರನ ಕಡೆ ತಳ್ಳಿತು. ಚಂದ್ರಯಾನ-3 2023ರ ಜುಲೈ 14ಕ್ಕೆ ಹೊರಟಿತು. ಭೂಮಿಗೆ ಹತ್ತಿರ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಒತ್ತಿ ಐದು ಸಲ ಕಕ್ಷೆಯನ್ನು ಉದ್ದ ಮಾಡಿಕೊಂಡು, ಆಗಸ್ಟ್ 1ಕ್ಕೆ ಕೊನೆಯ ತಳ್ಳು ತಳ್ಳಿ, 5ಕ್ಕೆ ಚಂದ್ರನ ಕಕ್ಷೆ ಸೇರಿತು, 23ಕ್ಕೆ ಇಳಿಯಿತು. ಕೊನೆಯ ತಳ್ಳಿನಿಂದ ಚಂದ್ರನವರೆಗಿನ ಪ್ರಯಾಣ ಮಾತ್ರ ನೋಡಿದರೆ ಅಪೊಲೊಗೆ ಸುಮಾರು ಮೂರು ದಿನ, ಚಂದ್ರಯಾನಕ್ಕೆ ಐದು ದಿನದ ಹತ್ತಿರ, ಅಷ್ಟೇ ವ್ಯತ್ಯಾಸ.

ಭೂಮಿಗೆ ಹತ್ತಿರ ಬಂದಾಗಲೇ ಯಾಕೆ ಒತ್ತಬೇಕು ಅನ್ನುವುದು ನನಗೆ ಬಹಳ ಇಷ್ಟದ ಲೆಕ್ಕ. ಒಂದು ಕೆಜಿ ವಸ್ತುವಿಗೆ ಸೆಕೆಂಡಿಗೆ 100 ಮೀಟರ್ ವೇಗ ಸೇರಿಸೋಣ. ಅದು 500ರಲ್ಲಿ ಓಡುತ್ತಿದ್ದಾಗ 600 ಮಾಡಿದರೆ ಚಲನಶಕ್ತಿ 55,000 ಜೂಲ್ ಏರುತ್ತದೆ. ಅದೇ 2,000ದಲ್ಲಿ ಓಡುತ್ತಿದ್ದಾಗ 2,100 ಮಾಡಿದರೆ 2,05,000 ಜೂಲ್! ಖರ್ಚಾದ ಇಂಧನ ಎರಡರಲ್ಲೂ ಒಂದೇ. ಮೇಲೆ ಹೋಗಲು ಬೇಕಾಗುವುದು ಶಕ್ತಿ, ಆದ್ದರಿಂದ ಜೋರಾಗಿ ಓಡುತ್ತಿರುವಾಗಲೇ ಒತ್ತಬೇಕು. ಕಕ್ಷೆಯಲ್ಲಿ ಅತಿ ಜೋರು ಎಲ್ಲಿ? ಗ್ರಹಕ್ಕೆ ಅತಿ ಹತ್ತಿರ ಇರುವಲ್ಲಿ, ಪೆರಿಆಪ್ಸಿಸ್‌ನಲ್ಲಿ. ಇದಕ್ಕೆ ಓಬರ್ತ್ ಪರಿಣಾಮ ಅಂತಾರೆ, ಹರ್ಮನ್ ಓಬರ್ತ್ ಹೆಸರಿನಿಂದ ಬಂದದ್ದು. ಪುಕ್ಕಟೆ ಶಕ್ತಿ ಎಲ್ಲಿಂದ ಬಂತು ಅಂತ ಕೇಳಬೇಡಿ, ಪುಕ್ಕಟೆ ಅಲ್ಲ. ಜೋರಾಗಿ ಓಡುವ ರಾಕೆಟ್ಟಿನ ಹೊಟ್ಟೆಯಲ್ಲಿರುವ ಇಂಧನವೂ ಅಷ್ಟೇ ಜೋರಾಗಿ ಓಡುತ್ತಿರುತ್ತದೆ, ಹೊರಗೆ ಉಗುಳುವಾಗ ಆ ಓಟದ ಪಾಲನ್ನೂ ಬಿಟ್ಟುಕೊಟ್ಟು ಹೋಗುತ್ತದೆ.

ನೀವೇ ಮಾಡಿ ನೋಡಬಹುದು. ಅತಿ ಸಣ್ಣ ಎಂಜಿನ್ ಹಾಕಿ 100 ಕಿ.ಮೀ. ಕಕ್ಷೆಯಿಂದ ಮುನ್‌ಗೆ ಒಂದೇ ಸಲ ಹೊರಡಿ. ಒತ್ತುವುದೇ ಹತ್ತು ನಿಮಿಷ ಆದರೆ, 33 ನಿಮಿಷದ ಸುತ್ತಿನಲ್ಲಿ ಮೂರನೇ ಒಂದು ಭಾಗ ಒತ್ತುತ್ತಲೇ ಕಳೆಯಿತು. ಶುರುವಿನಲ್ಲಿ ಮುಂದೆ ಅಂತ ಇದ್ದ ದಿಕ್ಕು ಕೊನೆಗೆ ಪಕ್ಕಕ್ಕೆ ತಿರುಗಿರುತ್ತದೆ. ಅದನ್ನೇ ಮೂರು ಸುತ್ತಿನಲ್ಲಿ ಹಂಚಿ, ಪ್ರತಿ ಸಲ ಅದೇ ಜಾಗದಲ್ಲಿ ಒತ್ತಿ. ಟ್ಯಾಂಕಿನಲ್ಲಿ ಉಳಿದದ್ದನ್ನು ನೋಡಿದರೆ ಚಂದ್ರಯಾನದವರ ತಾಳ್ಮೆ ಅರ್ಥವಾಗುತ್ತದೆ.

ಪ್ರಶ್ನೆ: "ಮುನ್ ಹುಟ್ಟುವಾಗ ಒತ್ತು" ಅಂತ ಗೆಳೆಯ ಹೇಳಿಕೊಟ್ಟ. ಪ್ರತಿ ಸಲ ಸರಿಹೋಗುತ್ತದೆ. ಇದು ಕಾಕತಾಳೀಯವೇ?

ಉತ್ತರ: ಅರ್ಧ ಕಾಕತಾಳೀಯ, ಆದರೆ ಚಂದದ್ದು. ಮುನ್ ಕೆರ್ಬಿನ್‌ನ ನಡುಮಧ್ಯದಿಂದ 12,000 ಕಿ.ಮೀ. ದೂರದಲ್ಲಿದೆ. ಸೆಕೆಂಡಿಗೆ ಸುಮಾರು 850 ಮೀಟರ್ ಒತ್ತಿದರೆ ನಿಮ್ಮ ಕಕ್ಷೆಯ ಎದುರು ಬದಿ (ನೋಡಿ, ಮತ್ತೆ ಎದುರು ಬದಿ) ಅಲ್ಲಿಯವರೆಗೂ ಚಾಚಿಕೊಳ್ಳುತ್ತದೆ. ಅಲ್ಲಿಗೆ ತಲುಪಲು ಏಳೂವರೆ ಗಂಟೆ ಹತ್ತಿರ ಬೇಕು. ಅಷ್ಟರಲ್ಲಿ ಮುನ್ ಸುಮ್ಮನೆ ಕೂತಿರುವುದಿಲ್ಲ, ಸುಮಾರು 69 ಡಿಗ್ರಿ ಮುಂದೆ ನಡೆದಿರುತ್ತದೆ. ನೀವು ಹೋಗುವುದು 180 ಡಿಗ್ರಿ ಆಚೆಗೆ. ಹಾಗಾಗಿ ಒತ್ತುವ ಹೊತ್ತಿಗೆ ಮುನ್ ನಿಮ್ಮಿಂದ 111 ಡಿಗ್ರಿ ಮುಂದಿರಬೇಕು. 100 ಕಿ.ಮೀ. ಎತ್ತರದಿಂದ ನೋಡಿದರೆ ಕೆರ್ಬಿನ್‌ನ ಅಂಚಿನಿಂದ ಮುನ್ ಮೇಲೇಳುವುದು 118 ಡಿಗ್ರಿಯಲ್ಲಿ. ಅದು ಎದ್ದಿತು, ನೀವು ಒಂದು ಅರೆ ನಿಮಿಷ ನೋಡುತ್ತಾ ಕೂತಿರಿ, 111 ಬಂತು. ಗ್ರಹದ ಗಾತ್ರ ಬೇರೆ ಇದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಈ ತರಹ ಅರ್ಧ ಸುತ್ತಿನಲ್ಲಿ ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಜರ್ಮನಿಯ ವಾಲ್ಟರ್ ಹೋಮನ್ 1925ರಲ್ಲೇ ಬರೆದಿಟ್ಟಿದ್ದ, ಆಗ ಬಾಹ್ಯಾಕಾಶಕ್ಕೆ ಹೋಗುವ ರಾಕೆಟ್ಟೇ ಇರಲಿಲ್ಲ.

ಪ್ರಶ್ನೆ: ಮಿನ್ಮಸ್‌ಗೆ ಹೋಗುವಾಗ ಮಾತ್ರ ಪ್ರತಿ ಸಲ ಮೇಲೆ ಅಥವಾ ಕೆಳಗೆ ತಪ್ಪುತ್ತೇನೆ.

ಉತ್ತರ: ಅದರ ಕಕ್ಷೆ 6 ಡಿಗ್ರಿ ಓರೆಯಾಗಿದೆ, ಮುನ್‌ನದ್ದು ಚಪ್ಪಟೆ. ಎರಡು ಕಕ್ಷೆಗಳ ಸಮತಲ ಒಂದನ್ನೊಂದು ದಾಟುವ ಜಾಗ ಎರಡಿರುತ್ತವೆ, ಮಿನ್ಮಸ್ಸನ್ನು ಟಾರ್ಗೆಟ್ ಮಾಡಿದರೆ ಮ್ಯಾಪಿನಲ್ಲಿ ಕಾಣುತ್ತವೆ. ಅಲ್ಲಿ ನಾರ್ಮಲ್ ಅಥವಾ ಆಂಟಿನಾರ್ಮಲ್ ದಿಕ್ಕಿಗೆ, ಅಂದರೆ ಕಕ್ಷೆಯ ಸಮತಲಕ್ಕೆ ಲಂಬವಾಗಿ ಒಂದು ಕಡೆಗೆ ಅಥವಾ ಅದರ ವಿರುದ್ಧ ಕಡೆಗೆ, ಒತ್ತಬೇಕು. ಕೆಳಗಿನ ಕಕ್ಷೆಯಲ್ಲೇ 6 ಡಿಗ್ರಿ ಓರೆ ಮಾಡಿಕೊಳ್ಳಲು ಸೆಕೆಂಡಿಗೆ 235 ಮೀಟರ್ ಖರ್ಚು. ದೂರ ಹೋಗಿ ನಿಧಾನವಾದ ಮೇಲೆ ಮಾಡಿದರೆ ತುಂಬಾ ಅಗ್ಗ, ಯಾಕೆಂದರೆ ತಿರುಗಿಸಬೇಕಾದ ವೇಗವೇ ಅಲ್ಲಿ ಕಮ್ಮಿ. ಕೆಳಗೇ 60 ಡಿಗ್ರಿ ಓರೆ ಮಾಡುತ್ತೇನೆ ಅಂತ ಹೊರಟರೆ ನಿಮ್ಮ ಪೂರ್ತಿ ಕಕ್ಷಾ ವೇಗದಷ್ಟೇ, 2,246 ಮೀಟರ್, ತೆರಬೇಕು. ಅದರ ಬದಲು ಇನ್ನೊಂದು ರಾಕೆಟ್ ಹಾರಿಸುವುದು ಮೇಲು.

ಪ್ರಶ್ನೆ: ಮುನ್ ಮೇಲೆ ಹನ್ನೊಂದು ಸಲ ಇಳಿಯಲು ಹೋಗಿ ಹನ್ನೊಂದು ಸಲವೂ ಪುಡಿ. ಮೆಲ್ಲಗೆ ಇಳಿದರೆ ಇಂಧನ ಮುಗಿಯುತ್ತದೆ, ಜೋರಾಗಿ ಇಳಿದರೆ ಗುಂಡಿ ಬೀಳುತ್ತದೆ.

ಉತ್ತರ: ಮುನ್‌ನ ಸೆಳೆತ ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1.63 ಮೀಟರ್ ಏರುವಷ್ಟು. ಒಂದು ನಿಮಿಷ ಗಾಳಿಪಟದ ಹಾಗೆ ನಿಂತಲ್ಲೇ ತೇಲಿದರೆ ಸುಮಾರು 98 ಮೀಟರ್ ವೇಗದಷ್ಟು ಇಂಧನ ಸುಟ್ಟು, ಒಂದಿಂಚೂ ಮುಂದೆ ಹೋಗಿರುವುದಿಲ್ಲ. ಹಾಗಾಗಿ ಮೆಲ್ಲಗೆ ಇಳಿಯುವುದು ದುಬಾರಿ. ಎರಡು ವಿಷಯ ಗಮನಿಸಿ. ಮೊದಲನೆಯದು, 10 ಕಿ.ಮೀ. ಎತ್ತರದಲ್ಲಿ ನಿಮ್ಮ ವೇಗ ಸುಮಾರು 560 ಮೀಟರ್, ಅಷ್ಟೂ ಅಡ್ಡಕ್ಕೆ. ಹೆಚ್ಚಿನವರು ಪುಡಿಯಾಗುವುದು ಈ ಅಡ್ಡ ವೇಗ ಉಳಿದುಬಿಟ್ಟಿದ್ದರಿಂದ, ಕಾಲು ನೆಲಕ್ಕೆ ತಾಗಿದ ಕೂಡಲೇ ಮುಗ್ಗರಿಸುತ್ತಾರೆ. ಸ್ಪೀಡ್ ತೋರಿಸುವ ಜಾಗವನ್ನು ಆರ್ಬಿಟ್‌ನಿಂದ ಸರ್ಫೇಸ್‌ಗೆ ಬದಲಾಯಿಸಿ, ರೆಟ್ರೋಗ್ರೇಡ್ ಗುರುತನ್ನೇ ಹಿಡಿದುಕೊಂಡು ಒತ್ತುತ್ತಾ ಬನ್ನಿ. ಅಡ್ಡ ವೇಗ ಸತ್ತ ಹಾಗೆ ಆ ಗುರುತು ತಾನಾಗಿ ನೆತ್ತಿಗೆ ಏರುತ್ತದೆ. ಎರಡನೆಯದು, ಮೇಲೆ ಕಾಣುವ ಎತ್ತರದ ಅಂಕಿಯನ್ನು ನಂಬಬೇಡಿ. ಅದು ಸಮುದ್ರವೇ ಇಲ್ಲದ ಚಂದ್ರನಲ್ಲಿ ಸಮುದ್ರಮಟ್ಟದಿಂದ ಅಳೆದದ್ದು! ಕೆಳಗೆ ಕಿಲೋಮೀಟರ್‌ಗಟ್ಟಲೆ ಎತ್ತರದ ಗುಡ್ಡ ಇರಬಹುದು. ನೆಲದಿಂದ ಅಳೆಯುವ ಎತ್ತರವನ್ನು ನೋಡಿ. ಅಥವಾ ಸೂರ್ಯ ಓರೆಯಾಗಿರುವ ಹೊತ್ತಿನಲ್ಲಿ ಇಳಿಯಿರಿ, ನಿಮ್ಮದೇ ನೆರಳು ಓಡಿ ಬಂದು ಕಾಲಿಗೆ ಸೇರುವುದು ಕಾಣುತ್ತದೆ. ನಾನು ಮೊದಲ ಸಲ ಸರಿಯಾಗಿ ಇಳಿದದ್ದು ಅಂಕಿ ನೋಡಿ ಅಲ್ಲ, ನೆರಳು ನೋಡಿ.

ಹನ್ನೆರಡನೆಯದಕ್ಕೆ ಕಾಲುಗಳನ್ನು ಅಗಲ ಇಡಿ.

ಪ್ರಶ್ನೆ: ಈ ಆಟದ ಲೆಕ್ಕ ಎಷ್ಟರ ಮಟ್ಟಿಗೆ ನಿಜ? ಲಗ್ರಾಂಜ್ ಬಿಂದುವಿನಲ್ಲಿ ದೂರದರ್ಶಕ ನಿಲ್ಲಿಸಲು ಹೋದೆ, ನಿಲ್ಲಲಿಲ್ಲ.

ಉತ್ತರ: ನಿಲ್ಲುವುದಿಲ್ಲ, ಎರಡು ಗೋಳಗಳ ಸೆಳೆತ ಸೇರಿ ನೌಕೆ ಅವುಗಳ ಜೊತೆಗೇ ಸಾಗುವಂತೆ ಮಾಡುವ ಆ ಬಿಂದುವೇ ಆಟದಲ್ಲಿ ಇಲ್ಲ. ಕೆರ್ಬಲ್‌ನಲ್ಲಿ ನಿಮ್ಮನ್ನು ಒಂದು ಹೊತ್ತಿಗೆ ಒಂದೇ ಗೋಳ ಎಳೆಯುತ್ತದೆ. ಮುನ್‌ನಿಂದ ಸುಮಾರು 2,430 ಕಿ.ಮೀ. ಒಳಗೆ ಬಂದಿರೋ, ಆಗಿನಿಂದ ಬರೀ ಮುನ್. ಆಚೆ ಹೋದಿರೋ, ಬರೀ ಕೆರ್ಬಿನ್. ನಡುವೆ ಗೆರೆ ಎಳೆದ ಹಾಗೆ. ಲಗ್ರಾಂಜ್ ಬಿಂದು ಹುಟ್ಟುವುದೇ ಎರಡೂ ಗೋಳ ಒಟ್ಟಿಗೆ ಎಳೆದಾಗ. 2021ರ ಡಿಸೆಂಬರ್ 25ಕ್ಕೆ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಅಂಥ ಒಂದು ಬಿಂದುವಿನ ಸುತ್ತ ಸುತ್ತುತ್ತಿದೆ, ಅದನ್ನು ಇಲ್ಲಿ ಮಾಡಿ ತೋರಿಸಲು ಆಗುವುದಿಲ್ಲ. ಬೇಕೇ ಬೇಕು ಅಂದರೆ ಪ್ರಿನ್ಸಿಪಿಯಾ ಅನ್ನುವ ಮಾಡ್ (ಆಟಕ್ಕೆ ಆಟಗಾರರೇ ಬರೆದು ಸೇರಿಸುವ ತುಣುಕು) ಹಾಕಿಕೊಳ್ಳಿ, ಎಲ್ಲ ಗೋಳಗಳ ಸೆಳೆತವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ಆದರೆ ಒಂದೊಂದೇ ಗೋಳ ಹಿಡಿದು ತೇಪೆ ಹಾಕುವ ಈ ಲೆಕ್ಕ ಕಳ್ಳಲೆಕ್ಕ ಅಲ್ಲ, ಪ್ರಯಾಣದ ಮೊದಲ ಅಂದಾಜಿಗೆ ನಿಜವಾದ ಎಂಜಿನಿಯರ್‌ಗಳೂ ಇದನ್ನೇ ಬಳಸುತ್ತಾರೆ.

ಇನ್ನೊಂದು ರಿಯಾಯಿತಿ ಗ್ರಹದ ಗಾತ್ರದ್ದು. ಕೆರ್ಬಿನ್‌ನ ತ್ರಿಜ್ಯ 600 ಕಿ.ಮೀ., ಭೂಮಿಯದ್ದು 6,371. ನೆಲದ ಮೇಲಿನ ಸೆಳೆತ ಮಾತ್ರ ಎರಡರಲ್ಲೂ ಒಂದೇ. ಅದಕ್ಕೇ ಅಲ್ಲಿ ಸೆಕೆಂಡಿಗೆ 2.2 ಕಿ.ಮೀ. ವೇಗಕ್ಕೆ ಕಕ್ಷೆ ಸಿಗುತ್ತದೆ, ಇಲ್ಲಿ 7.8 ಬೇಕು. ನಿಜವಾದ ಸೌರಮಂಡಲವೇ ಬೇಕು ಅನ್ನುವವರಿಗೆ ಆರ್ಬಿಟರ್ ಅನ್ನುವ ಸಿಮ್ಯುಲೇಟರ್ ಇದೆ, 2000ದಿಂದಲೂ ಪುಕ್ಕಟೆ, 2021ರಲ್ಲಿ ಅದರ ಸೋರ್ಸ್ ಕೋಡನ್ನೂ ತೆರೆದಿಟ್ಟರು. ರಾಕೆಟ್ ಕಟ್ಟುವ ಮಜಾ ಅದರಲ್ಲಿಲ್ಲ, ಕಾಕ್‌ಪಿಟ್ಟಿನಲ್ಲಿ ಕೂತು ಗಂಭೀರವಾಗಿ ಹಾರಿಸಬೇಕು. ನನಗೆ ಮೂರು ದಿನಕ್ಕೆ ಸಾಕಾಯಿತು, ನಿಮಗೆ ಹಿಡಿಸಬಹುದು.

ಪ್ರಶ್ನೆ: ಸರ್, ನನ್ನ ಮಗಳು ಒಂಬತ್ತನೇ ಕ್ಲಾಸ್. ದಿನಾ ಎರಡು ಗಂಟೆ ಇದೇ ಆಟ. "ಫಿಸಿಕ್ಸ್ ಓದ್ತಾ ಇದೀನಿ ಅಮ್ಮ" ಅಂತಾಳೆ. ನಂಬಬಹುದಾ?

ಉತ್ತರ: ಮೇಡಂ, ಅರ್ಧ ನಂಬಿ. ಈ ಆಟದಿಂದ ಪರೀಕ್ಷೆಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ನಾನು ಹೇಳಲಾರೆ. ಪರೀಕ್ಷೆಯಲ್ಲಿ ಕೇಳುವುದು ಸೂತ್ರ, ಆಟ ಕಲಿಸುವುದು ಸೂತ್ರದ ಹಿಂದಿನ ಅಂದಾಜು. ಒಂದು ಕೆಲಸ ಮಾಡಿ. ಅವಳು ಆಡುವಾಗ ಪಕ್ಕದಲ್ಲಿ ಕೂತು, "ಈಗ ಇಲ್ಲಿ ಮುಂದಕ್ಕೆ ಒತ್ತಿದರೆ ಏನಾಗುತ್ತೆ?" ಅಂತ ಕೇಳಿ, ಒತ್ತುವ ಮುಂಚೆ ಉತ್ತರ ಹೇಳಲಿ. ಕಕ್ಷೆಯ ಯಾವ ಬದಿ ಏರುತ್ತದೆ ಅಂತ ಕೈಯಲ್ಲಿ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದರೆ ಫಿಸಿಕ್ಸ್ ಓದುತ್ತಿದ್ದಾಳೆ. ಬರೀ ಸ್ಫೋಟ ನೋಡಿ ನಗುತ್ತಿದ್ದರೆ ಆಡುತ್ತಿದ್ದಾಳೆ. ಎರಡೂ ಮಾಡುತ್ತಿರುವ ಸಾಧ್ಯತೆಯೇ ಜಾಸ್ತಿ.

ಪ್ರಶ್ನೆ: ಮುನ್‌ಗೆ ಹೋಗಿ ವಾಪಸ್ ಬಂದ ನೌಕೆ ಕೆರ್ಬಿನ್ ಸುತ್ತ 100 ಮತ್ತು 75 ಕಿ.ಮೀ. ನಡುವೆ ಸಿಕ್ಕಿಬಿದ್ದಿದೆ. ಇಂಧನ ಸೊನ್ನೆ. ಒಳಗೆ ಒಬ್ಬ ಕೆರ್ಬಲ್ ಇದ್ದಾನೆ. ಇನ್ನೊಂದು ನೌಕೆ ಕಳಿಸಿ ಕರೆತರುವಷ್ಟು ಕೈ ನನಗೆ ಪಳಗಿಲ್ಲ. ಏನಾದರೂ ದಾರಿ ಇದೆಯಾ?

ಉತ್ತರ: ಇದೆ. ಇಳಿದು ತಳ್ಳಲು ಹೇಳಿ. ತಮಾಷೆ ಅಲ್ಲ, ಕೆರ್ಬಲ್‌ನ ಬೆನ್ನಿಗೆ ಜೆಟ್‌ಪ್ಯಾಕ್ ಇದ್ದರೆ ಹೊರಗೆ ಬಂದು ನೌಕೆಗೆ ತಲೆ ಕೊಟ್ಟು ತಳ್ಳಬಹುದು, ಕೆಟ್ಟು ನಿಂತ ಕಾರನ್ನು ತಳ್ಳಿದ ಹಾಗೆ. ಎಲ್ಲಿ ತಳ್ಳಬೇಕು ಅನ್ನುವುದು ಮುಖ್ಯ. ನಿಮಗೆ ಇಳಿಸಬೇಕಾಗಿರುವುದು 75 ಕಿ.ಮೀ.ಯ ಬದಿಯನ್ನು, ಆದ್ದರಿಂದ ಅದರ ಎದುರಿಗೆ, 100 ಕಿ.ಮೀ.ಯ ತುದಿಯಲ್ಲಿದ್ದಾಗ, ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ತಳ್ಳಬೇಕು. ಸೆಕೆಂಡಿಗೆ 13 ಮೀಟರ್ ವೇಗ ಕಳೆದರೆ ಆ ಬದಿ 60 ಕಿ.ಮೀ.ಗೆ ಇಳಿಯುತ್ತದೆ, ಅಂದರೆ ಗಾಳಿಯ ಒಳಗೆ. ಒಂದೇ ಸುತ್ತಿನಲ್ಲಿ ಆಗದಿದ್ದರೆ ಮುಂದಿನ ಸುತ್ತಿನಲ್ಲಿ ಅದೇ ತುದಿಗೆ ಬಂದಾಗ ಮತ್ತೆ ತಳ್ಳಿ. 60ರಲ್ಲಿ ಗಾಳಿ ತೆಳು, ಆದರೂ ಪ್ರತಿ ಸಲ ಒಂಚೂರು ವೇಗ ಕಿತ್ತುಕೊಳ್ಳುತ್ತದೆ, ಆಮೇಲೆ ಉಳಿದದ್ದು ತಾನಾಗಿ ಆಗುತ್ತದೆ.

ತಳ್ಳುವಾಗ ನೌಕೆಯ ತೂಕದ ಕೇಂದ್ರಕ್ಕೆ ಸರಿಯಾಗಿ ತಳ್ಳಿ, ಅಂಚಿಗೆ ತಳ್ಳಿದರೆ ಗಿರಗಿಟ್ಟಲೆ ಹಾಗೆ ತಿರುಗುತ್ತದೆ. ಗಾಳಿಗೆ ತಾಗುವ ಮುಂಚೆ ಅವನನ್ನು ಒಳಗೆ ಕರೆಯಲು ಮರೆಯಬೇಡಿ. ಮತ್ತೆ ಇಷ್ಟೆಲ್ಲ ಶುರು ಮಾಡುವ ಮೊದಲು ನೌಕೆಯಲ್ಲಿ ಪ್ಯಾರಾಚೂಟ್ ಇದೆಯಾ ಅಂತ ನೋಡಿಕೊಳ್ಳಿ. ನಾನು ಒಂದು ರಾತ್ರಿ ಪೂರ್ತಿ ತಳ್ಳಿದ ಮೇಲೆ ನೋಡಿಕೊಂಡೆ.